ಚರ್ಚು ತಿದ್ದಿದ ಪತ್ರ

ನಮ್ಮೂರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಆಗಿನ ಕಾಲಕ್ಕೆ ಪತ್ರವಿಲ್ಲದೆ ಯಾರೂ ಊರು ಬಿಡುತ್ತಿರಲಿಲ್ಲ. ಮದುವೆಯಾಗಿ ಮೊಬೀಲ್ ಪಟ್ಟಣಕ್ಕೆ ಹೊರಟವಳಿರಲಿ, ಕಾರು ಕಾರ್ಖಾನೆಯ ಕೆಲಸ ಹಿಡಿದು ಡೆಟ್ರಾಯಿಟಿಗೆ ಹೊರಟವನಿರಲಿ, ಚರ್ಚಿನ ಗುಮಾಸ್ತ ಒಂದು ಪತ್ರ ಬರೆದು ಭಾನುವಾರದ ಆರಾಧನೆ ಮುಗಿದ ಮೇಲೆ ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದ. ಈ ಸಹೋದರಿ ನಮ್ಮಲ್ಲಿ ಒಳ್ಳೆಯ ಹೆಸರಿನಿಂದ ಇದ್ದಳು, ಇವಳನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ಅದರ ಒಕ್ಕಣೆ. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಒಪ್ಪಿದವರೆಲ್ಲ "ಹೌದು" ಎನ್ನಬೇಕು. ಆಮೇಲೆ ಚರ್ಚಿನ ಮುದ್ರೆ ಬೀಳುತ್ತಿತ್ತು. ಆ ಪತ್ರ ಕೈಯಲ್ಲಿದ್ದರೆ ಹೊಸ ಊರಿನ ಚರ್ಚಿನಲ್ಲಿ ನಿಮ್ಮನ್ನು ಯಾರೂ ಪರಕೀಯರಂತೆ ನೋಡುತ್ತಿರಲಿಲ್ಲ.

ಒಬ್ಬ ಮನುಷ್ಯನ ಪರವಾಗಿ ಬರೆದ ಪತ್ರವನ್ನು ಆ ಮನುಷ್ಯನನ್ನು ಬಲ್ಲವರೆದುರು ಓದಲೇಬೇಕು ಎಂಬುದು ನನ್ನ ಅಮ್ಮ ಒಜೆಲಾಳ ಮಟ್ಟಿಗೆ ಊಟದ ಮೊದಲು ಕೈ ತೊಳೆಯುವಷ್ಟೇ ಸಹಜವಾದ ಸಂಗತಿ. ಅವಳ ಮೊಮ್ಮಗಳು ವರ್ಡೆಲ್ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ ವರ್ಷ, 1978ರಲ್ಲಿ, ಎಡವಟ್ಟಾದದ್ದು ಇಲ್ಲಿಯೇ.

ಮನೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅಲಬಾಮಾದ ಪೈನ್ ಮರಗಳ ನಡುವೆ, ಕಾಗದದ ಕಾರ್ಖಾನೆಯ ವಾಸನೆ ಸದಾ ಮೂಗಿಗೆ ಬಡಿಯುವ ಊರು ನಮ್ಮದು. ಹೊರಗಿನವರು ಮೂಗು ಮುಚ್ಚಿಕೊಂಡರೆ ನಾವು "ಅದು ದುಡ್ಡಿನ ವಾಸನೆ" ಎನ್ನುತ್ತಿದ್ದೆವು. ನನ್ನ ಅಣ್ಣ ಹೋಸಿಯಾ ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅತ್ತಿಗೆ ಕ್ಲಿಯೋರಾ ಸ್ಕೂಲಿನ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ, ಮನೆಗೆ ಬಂದು ಮತ್ತೆ ನಮಗೆ ಬೇಯಿಸುತ್ತಿದ್ದಳು. ಅವರ ಒಬ್ಬಳೇ ಮಗಳು ವರ್ಡೆಲ್ ನಮ್ಮ ಕಪ್ಪು ಜನರ ಕಾಲೇಜೊಂದರಲ್ಲಿ ಕೊನೆಯ ವರ್ಷ ಓದುತ್ತಾ ವಾರಕ್ಕೋ ಎರಡು ವಾರಕ್ಕೋ ಬಸ್ಸು ಹಿಡಿದು ಮನೆಗೆ ಬರುತ್ತಿದ್ದಳು. ನಾನು ಲೂಬರ್ತಾ, ಮನೆಯ ಮುಂಗೋಣೆಯಲ್ಲಿ ಹೆಂಗಸರ ಗುಂಗುರು ಕೂದಲನ್ನು ಕಾದ ಬಾಚಣಿಗೆಯಿಂದ ನೆಟ್ಟಗೆ ಮಾಡುವ ಅಂಗಡಿ ಇಟ್ಟುಕೊಂಡಿದ್ದೆ. ನನ್ನ ಗಂಡ ಎನ್ನಿಸಿಕೊಂಡವನು ಒಂದು ವಾರಕ್ಕೆಂದು ಶಿಕಾಗೋಗೆ ಹೋದವನು, ತಿಂಗಳು ಕಳೆದ ಮೇಲೆ ತನ್ನ ಚರ್ಚಿನ ಪತ್ರ ಕಳಿಸಿಕೊಡಿ ಎಂದು ಬರೆದ. ಎಲ್ಲರೂ "ಹೌದು" ಅಂದರು. ನಾನು ಎಲ್ಲರಿಗಿಂತ ಗಟ್ಟಿಯಾಗಿ ಅಂದೆ.

ಇವರೆಲ್ಲರ ಮೇಲೆ ಅಮ್ಮ. ಊರಿಗೆಲ್ಲ ಮಿಸ್ ಒಜೆಲಾ, ವರ್ಡೆಲ್‌ಗೆ ಬಿಗ್ ಮಾ. ಅವಳ ಜೊತೆ ಯಾರು ಬೇಕಾದರೂ ಜಗಳವಾಡಬಹುದಿತ್ತು. ಆದರೆ ಮಾತಿನ ಕೊನೆಗೆ "ಮ್ಯಾಮ್" ಬಿಟ್ಟುಹೋದರೆ ಆ ಜಗಳ ಅಲ್ಲಿಗೇ ನಿಂತು ಅದಕ್ಕಿಂತ ದೊಡ್ಡದು ಶುರುವಾಗುತ್ತಿತ್ತು.

ಸೆಪ್ಟೆಂಬರಿನ ಒಂದು ಶುಕ್ರವಾರ ಅಮ್ಮ ಮೀನು ಕರಿಯುತ್ತಿದ್ದಳು. ಕ್ಲಿಯೋರಾ ಕಾಲರ್ಡ್ ಸೊಪ್ಪು ಬಿಡಿಸುತ್ತಿದ್ದಳು. ವರ್ಡೆಲ್ ಬಸ್ಸಿನಿಂದ ಇಳಿದು ಬಂದವಳು ಚೀಲವನ್ನೂ ಕೆಳಗಿಡದೆ ಹೇಳಲು ಶುರುಮಾಡಿದಳು.

"ಮೂರು ಪತ್ರ ಬೇಕು ಬಿಗ್ ಮಾ. ಎರಡು ನಮ್ಮ ಮೇಷ್ಟ್ರುಗಳು ಬರೀತಾರೆ. ಒಂದು ಡಾಕ್ಟರೊಬ್ಬರು ಬರೀಬೇಕು. ಡಾಕ್ಟರ್ ಪೆಟಿಫೋರ್ಡ್‌ನ ಕೇಳಿ ಬಂದಿದ್ದೀನಿ."

ಡಾಕ್ಟರ್ ಪೆಟಿಫೋರ್ಡ್ ನಮ್ಮೂರಿನ ಒಬ್ಬನೇ ಕಪ್ಪು ಡಾಕ್ಟರು, ನಮ್ಮ ಚರ್ಚಿನವನೇ. ವರ್ಡೆಲ್ ಪ್ರತಿ ಬೇಸಿಗೆಯಲ್ಲೂ ಅವನ ದವಾಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು.

"ಏನು ಬರೀತಾರಂತೆ?" ಎಂದಳು ಅಮ್ಮ.

"ಅದು ನನಗೆ ಗೊತ್ತಾಗಬಾರದು ಮ್ಯಾಮ್. ನೋಡಲ್ಲ ಅಂತ ಸಹಿ ಹಾಕಿ ಕೊಟ್ಟಿದ್ದೀನಿ."

"ನಿನ್ನ ವಿಷಯ ಬರೆದದ್ದನ್ನ ನೀನೇ ನೋಡಬಾರದಾ?"

"ನಾನು ನೋಡ್ತೀನಿ ಅಂದ್ರೆ ಮುಲಾಜಿಗೆ ಬರೀತಾರೆ ಅಂತ ಅವರ ಲೆಕ್ಕ. ನೋಡಲ್ಲ ಅಂದ್ರೆ ನಿಜ ಬರೀತಾರಂತೆ."

"ಮುಖದ ಮುಂದೆ ಹೇಳೋಕಾಗದ ನಿಜ ಎಂಥ ನಿಜಾನೇ ಅದು?"

ಮೇಜಿನ ಹತ್ತಿರ ಬೂಟಿನ ದಾರ ಬಿಚ್ಚುತ್ತಿದ್ದ ಹೋಸಿಯಾ ಬಾಯಿ ಹಾಕಿದ. "ಅದು ಬಿಳಿಯರ ಕಾಲೇಜಿನ ಕಾನೂನು ಅಮ್ಮಾ. ನಮ್ಮವರಿಗೆ ಬಾಗಿಲು ತೆಗೆದಿರೋದೇ ಮೊನ್ನೆ ಮೊನ್ನೆ. ಅವರು ಒಂಟಿಕಾಲಲ್ಲಿ ನಿಲ್ಲು ಅಂದ್ರೂ ನಿಲ್ಲಬೇಕು."

"ಊರಲ್ಲೇ ಇದ್ದು ಟೀಚರಮ್ಮ ಆಗು ಅಂದ್ರೆ ಕೇಳಿದಳಾ?" ಎಂದಳು ಅಮ್ಮ. " ಚೀಲ ಕೆಳಗಿಡೇ. ಮೀನು ಆರೋಕೆ ಮೊದಲು ತಿನ್ನು."

"ಹಸಿವಿಲ್ಲ ಮ್ಯಾಮ್."

"ಮೊಂಡುತಲೆ!" ಎಂದಳು ಅಮ್ಮ, ತಟ್ಟೆಗೆ ಎರಡು ಮೀನು ಹಾಕುತ್ತಾ. "ತಲೆ ಗಟ್ಟಿಯಾದಷ್ಟೂ ಏಟು ತಿಂದು ಕುಂಡಿ ಮೆತ್ತಗಾಗುತ್ತೆ, ನೆನಪಿರಲಿ."

ವರ್ಡೆಲ್ ಕೂತು ಎರಡನ್ನೂ ತಿಂದಳು. ನಮ್ಮ ಮನೆಯಲ್ಲಿ ಮೊಂಡುತಲೆ ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅವಳು ನಡೆಯಲು ಕಲಿತಾಗ ಕೈ ಹಿಡಿಸಿಕೊಳ್ಳದೆ ಮೆಟ್ಟಿಲಿಳಿದು ಬಿದ್ದಳಂತೆ. ಅಂದು ಅಮ್ಮ ಮೊಂಡುತಲೆ ಎಂದವಳು ಮತ್ತೆ ನಿಲ್ಲಿಸಿಯೇ ಇರಲಿಲ್ಲ.

ಮುಂದಿನ ವಾರ ಅಮ್ಮ ರಕ್ತದೊತ್ತಡ ನೋಡಿಸಲು ದವಾಖಾನೆಗೆ ಹೋದಳು. ಡಾಕ್ಟರ್ ಪತ್ರ ಬರೆದಿಟ್ಟಿದ್ದ. ವರ್ಡೆಲ್ ತನ್ನ ಕಾಲೇಜಿನ ವಿಳಾಸ ಬರೆದು, ಅಂಚೆಚೀಟಿ ಹಚ್ಚಿ ಕೊಟ್ಟಿದ್ದ ಲಕೋಟೆಯೊಳಗೇ ಇಟ್ಟಿದ್ದ. ಆದರೆ ಅಂಟಿಸಿರಲಿಲ್ಲ. ಲಕೋಟೆಯ ಅಂಟನ್ನು ನಾಲಿಗೆಯಿಂದ ನೆಕ್ಕುವುದು ಕೊಳಕು ಅಭ್ಯಾಸವೆಂದು ಅವನು ಬೈಯುತ್ತಿದ್ದ. ಒದ್ದೆ ಹತ್ತಿಯಿಂದ ಅಂಟಿಸುವ ನರ್ಸಮ್ಮ ಊಟಕ್ಕೆ ಹೋಗಿದ್ದಳು. "ಸಿಸ್ಟರ್ ಒಜೆಲಾ, ದಾರೀಲೇ ಅಲ್ವಾ ಪೋಸ್ಟಾಫೀಸು, ಇದನ್ನ ಅಂಟಿಸಿ ಹಾಕಿಬಿಡಿ" ಎಂದು ಅಮ್ಮನ ಕೈಗೆ ಕೊಟ್ಟ.

ಅಂಟಿಸದ ಲಕೋಟೆ ಎಂದರೆ ನಮ್ಮವರ ಪಾಲಿಗೆ ಒಂದೇ ಅರ್ಥ, ಚರ್ಚಿನಲ್ಲಿ ಓದಬೇಕಾದ ಪತ್ರ. ಅಮ್ಮ ಪೋಸ್ಟಾಫೀಸು ದಾಟಿ ನೇರವಾಗಿ ಚರ್ಚಿನ ಗುಮಾಸ್ತ ಡೀಕನ್ ಟಾಲಿವರ್ ಮನೆಗೆ ಹೋಗಿ ಅದನ್ನು ಒಪ್ಪಿಸಿ ಬಂದಳು. ತಾನು ಬಿಚ್ಚಿ ನೋಡಲೂ ಇಲ್ಲ. ಓದುವುದು ಗುಮಾಸ್ತನ ಕೆಲಸ.

ಆ ಭಾನುವಾರ ವರ್ಡೆಲ್ ನಮ್ಮ ಜೊತೆ ಚರ್ಚಿನಲ್ಲಿದ್ದಳು. ಸೆಕೆ. ಹೆಂಗಸರೆಲ್ಲ ಕೈಬೀಸಣಿಗೆ ಆಡಿಸುತ್ತಿದ್ದರು. ಹಾಡು, ಉಪದೇಶ, ಕಾಣಿಕೆ ಎಲ್ಲ ಮುಗಿದ ಮೇಲೆ ಡೀಕನ್ ಟಾಲಿವರ್ ಕನ್ನಡಕ ಏರಿಸಿಕೊಂಡು ಎದ್ದ.

"ನಮ್ಮ ಮಗಳು ವರ್ಡೆಲ್ ಪರವಾಗಿ ಡಾಕ್ಟರ್ ಪೆಟಿಫೋರ್ಡ್ ಬರೆದಿರೋ ಪತ್ರ. ವೈದ್ಯಕೀಯ ಕಾಲೇಜಿಗೆ ಹೋಗೋದು."

ಎಲ್ಲರೂ "ಆಮೆನ್" ಅಂದರು. ವರ್ಡೆಲ್ ಎದ್ದುನಿಂತಳು. ಎರಡೂ ಕೈಗಳಿಂದ ಎರಡೂ ಕಿವಿ ಮುಚ್ಚಿಕೊಂಡಳು, ನನ್ನ ಅಂಗಡಿಯಲ್ಲಿ ಕಾದ ಬಾಚಣಿಗೆ ಹತ್ತಿರ ಬಂದಾಗ ಹೆಂಗಸರು ಮುಚ್ಚಿಕೊಳ್ಳುವ ಹಾಗೆ. ಹಾಗೆಯೇ ನಡುದಾರಿಯಲ್ಲಿ ದಡದಡ ನಡೆದು, ಭುಜದಿಂದ ಬಾಗಿಲು ತಳ್ಳಿ ಹೊರಗೆ ಹೋಗಿ ಮರದ ಕೆಳಗೆ ನಿಂತುಬಿಟ್ಟಳು.

"ಹೊಟ್ಟೆ ಸರಿ ಇಲ್ಲವೇನೋ ಪಾಪ" ಎಂದರು ಯಾರೋ.

"ಓದಿ ಬ್ರದರ್ ಟಾಲಿವರ್" ಎಂದಳು ಅಮ್ಮ, ಮುಖ ಬಿಗಿದುಕೊಂಡು.

ಅವನು ಓದಿದ. ಈ ಹುಡುಗಿಯನ್ನು ಹುಟ್ಟಿದಂದಿನಿಂದ ಬಲ್ಲೆ, ಇವಳನ್ನು ಈ ಲೋಕಕ್ಕೆ ಎಳೆದು ತಂದವನೇ ನಾನು ಎಂದು ಡಾಕ್ಟರ್ ಬರೆದಿದ್ದ. ಎಲ್ಲರೂ ತಲೆದೂಗಿದರು. ನನ್ನ ದವಾಖಾನೆಯಲ್ಲಿ ಇವಳಷ್ಟು ಚುರುಕಾಗಿ ಕೆಲಸ ಕಲಿತವರಿಲ್ಲ ಎಂದಿದ್ದ. "ಹೌದಪ್ಪ" ಎಂದರು. "ಆದರೆ ಒಂದು ಮಾತು ನಾನು ಹೇಳಲೇಬೇಕು. ಇವಳು ಮೊಂಡುತಲೆಯವಳು."

ಬೀಸಣಿಗೆಗಳೆಲ್ಲ ನಿಂತವು. ಅಮ್ಮ ಎದ್ದಳು.

"ಅಲ್ಲಿಗೇ ನಿಲ್ಸಿ ಬ್ರದರ್ ಟಾಲಿವರ್. ಆ ಮಾತು ಹೊಡೆದುಹಾಕಬೇಕು ಅಂತ ನಾನು ಸೂಚಿಸ್ತೀನಿ."

"ಅನುಮೋದಿಸ್ತೀನಿ" ಎಂದು ಹಿಂದಿನಿಂದ ಒಂದು ದನಿ ಬಂತು. ಪಾಸ್ಟರಿಗೆ ಬೇರೆ ದಾರಿ ಇರಲಿಲ್ಲ, ಓಟಿಗೆ ಹಾಕಿದರು. ಇಡೀ ಚರ್ಚು "ಹೌದು" ಎಂದಿತು. ಡಾಕ್ಟರ್ ಯಾರದೋ ಹೆರಿಗೆಗೆ ಹೋಗಿದ್ದರಿಂದ ಇಲ್ಲ ಎನ್ನುವವರೇ ಇರಲಿಲ್ಲ. ಉಳಿದ ಅರ್ಧ ಪತ್ರ ಓದುವ ಮನಸ್ಸು ಯಾರಿಗೂ ಉಳಿದಿರಲಿಲ್ಲ. ಡೀಕನ್ ಟಾಲಿವರ್ ಸ್ಕೇಲು ಇಟ್ಟು, ಆ ಸಾಲಿನ ಮೇಲೆ ನೀಟಾಗಿ ಎರಡು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ಚರ್ಚಿನ ಮುದ್ರೆ ಒತ್ತಿದ. ಸೋಮವಾರ ಬೆಳಿಗ್ಗೆ ತಾನೇ ಹೋಗಿ ಪೋಸ್ಟ್ ಮಾಡಿದ. ಕೆಲಸದಲ್ಲಿ ಅವನು ಬಲು ಅಚ್ಚುಕಟ್ಟು.

ಆ ಭಾನುವಾರದ ಊಟ ನನಗೆ ಚೆನ್ನಾಗಿ ನೆನಪಿದೆ. ಕೋಳಿ, ಬೆಣ್ಣೆ ಬೀನ್ಸು, ಮುಸುಕಿನ ಜೋಳದ ಬ್ರೆಡ್ಡು. ಯಾರೂ ಮುಟ್ಟಲಿಲ್ಲ.

"ಇಡೀ ಚರ್ಚಿನ ಮುಂದೆ ನಿನ್ನ ಪತ್ರಕ್ಕೆ ನೀನೇ ಬೆನ್ನು ತೋರಿಸಿ ಹೋದೆಯಲ್ಲೇ!" ಎಂದಳು ಅಮ್ಮ.

"ನಾನು ಸಹಿ ಹಾಕಿದ್ದೆ ಮ್ಯಾಮ್. ನೋಡಲ್ಲ ಅಂತ."

"ಕಿವಿಯಿಂದ ಕೇಳೋದು ನೋಡೋದಾ?"

"ಅದೂ ಇದೂ ಒಂದೇ. ಯಾರು ಓದಿ ಅಂದ್ರು ನಿಮಗೆ? ಪೋಸ್ಟ್ ಮಾಡಿ ಅಂದಿದ್ರು ಅಷ್ಟೇ. ಮತ್ತೆ ಏನೋ ಹೊಡೆದುಹಾಕಿದ್ರಂತಲ್ಲ? ಮರದ ಕೆಳಗೆ ಕಿವಿ ಮುಚ್ಚಿಕೊಂಡಿದ್ರೂ ನಿಮ್ಮ 'ಹೌದು' ಕೇಳಿಸ್ತು. ಡಾಕ್ಟರ್ ಬರೆದದ್ದನ್ನ ಓಟು ಹಾಕಿ ತಿದ್ದೋರು ಈ ಪ್ರಪಂಚದಲ್ಲಿ ನೀವೊಬ್ಬರೇ!"

"ವರ್ಡೆಲ್, ಮ್ಯಾಮ್ ಅನ್ನು" ಎಂದ ಹೋಸಿಯಾ.

"ನೀವೊಬ್ಬರೇ ಮ್ಯಾಮ್!"

"ನಿನ್ನ ಮರ್ಯಾದೆ ಉಳಿಸಿದ್ದೀನಿ ಕಣೇ ನಾನು."

"ಏನಿತ್ತು ಅದರಲ್ಲಿ?" ಎಂದವಳು ತಕ್ಷಣ ಕೈ ಎತ್ತಿ, "ಬೇಡ, ಹೇಳಬೇಡಿ. ಯಾರೂ ಹೇಳಬೇಡಿ" ಎಂದು ತಟ್ಟೆ ತಳ್ಳಿ ಎದ್ದಳು. ಅಮ್ಮ ಹಿಂದಿನಿಂದ "ನೋಡು, ಮೊಂ..." ಎಂದು ಬಾಯಿ ತೆರೆದವಳು, ಅಲ್ಲೇ ಕಚ್ಚಿಕೊಂಡಳು.

ಅಂದಿನಿಂದ ನಮ್ಮ ಮನೆಗೊಂದು ಹೊಸ ಸಂಕಟ ಶುರುವಾಯಿತು. ಆ ಪತ್ರದಲ್ಲಿ ಏನಿತ್ತೆಂದು ಊರಿನಲ್ಲಿ ವರ್ಡೆಲ್ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತು. ಅವಳು ಕೊಟ್ಟ ಮಾತು ಉಳಿಯಬೇಕಾದರೆ ಮನೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಆ ಒಂದು ಮಾತನ್ನು ಅವಳೆದುರು ಯಾರೂ ಆಡುವ ಹಾಗಿಲ್ಲ. ಅವಳೋ, ಆ ಮಾತು ಬಾಯಿಗೆ ಬರುವಂಥದ್ದನ್ನೇ ಮಾಡುವವಳು. ಮಳೆಯಲ್ಲಿ ಕೊಡೆಯಿಲ್ಲದೆ ಹೊರಟಳು. ಹೋಸಿಯಾ "ಏ ಮೊಂ..." ಎಂದು ಕೂಗಿದವನು, ನನ್ನ ಮುಖ ನೋಡಿ, "ಮೊಂಬತ್ತಿ... ಮೊಂಬತ್ತಿ ತಗೊಂಬಾ ಅಂಗಡಿಯಿಂದ" ಎಂದ. ಆ ತಿಂಗಳು ನಮ್ಮ ಮನೆಯಲ್ಲಿ ರಾಶಿ ರಾಶಿ ಮೊಂಬತ್ತಿ ಬಿದ್ದಿತ್ತು.

"ಆಂಟಿ, ಕರೆಂಟು ಹೋಗೋದೇ ಇಲ್ಲ, ಅಪ್ಪನಿಗೆ ಏನಾಗಿದೆ?" ಎಂದು ಅವಳು ನನ್ನನ್ನು ಕೇಳಿದಳು.

"ವಯಸ್ಸಾಯ್ತು ಕಣೇ. ಕಿವಿ ಮಡಚಿ ಹಿಡ್ಕೋ, ಸುಟ್ಟೀತು" ಎಂದು ಬಾಚಣಿಗೆ ಎಳೆದೆ.

ಅಂಗಡಿಯಲ್ಲಿ ಹೆಂಗಸರು ಅವಳನ್ನು ಕಂಡ ಕೂಡಲೇ ಮಾತು ಬದಲಾಯಿಸುತ್ತಿದ್ದರು. ಅವಳು ಆಚೆ ಹೋದರೆ ಸಾಕು, ಡಾಕ್ಟರ್ ಹಾಗೆ ಬರೆಯಬಹುದಿತ್ತೇ ಬಾರದಿತ್ತೇ ಎಂದು ಎರಡು ಪಂಗಡ. ಈಗ ಆ ಕುರ್ಚಿಗಳೂ ಇಲ್ಲ, ಕೂತವರಲ್ಲಿ ಹೆಚ್ಚಿನವರೂ ಇಲ್ಲ. ಅಷ್ಟು ಜನ ಹೆಂಗಸರು ಒಂದು ಹುಡುಗಿಗೋಸ್ಕರ ಬಾಯಿ ಕಟ್ಟಿಕೊಂಡಿದ್ದರಲ್ಲ, ಅದನ್ನು ನಾನು ಈಗಲೂ ನೆನೆಯುತ್ತೇನೆ.

ಅಕ್ಟೋಬರಿನಲ್ಲಿ ಡಾಕ್ಟರ್ ಪೆಟಿಫೋರ್ಡ್ ನನ್ನ ಅಂಗಡಿಗೆ ನುಗ್ಗಿದ. ಗಂಡಸರು ಕಾಲಿಡುವ ಜಾಗವಲ್ಲ ಅದು. ಅರ್ಧ ತಲೆ ನೆಟ್ಟಗಾಗಿ ಅರ್ಧ ಗುಂಗುರಾಗಿಯೇ ಇದ್ದ ಹೆಂಗಸೊಬ್ಬಳು ಕಿರುಚಿ ಟವೆಲ್ ಹೊದ್ದುಕೊಂಡಳು. ಅವನ ಕೈಯಲ್ಲಿ ಅವನದೇ ಪತ್ರವಿತ್ತು, ಎರಡು ಗೆರೆ ಮತ್ತು ಒಂದು ಮುದ್ರೆಯ ಸಮೇತ. ಗೀಚಿದ, ಚರ್ಚಿನ ಮುದ್ರೆಯಿರುವ ಪತ್ರವನ್ನು ನಾವು ವೈದ್ಯಕೀಯ ಕಾಲೇಜಿಗೆ ಮುಂದೆ ಕಳಿಸಲಾಗುವುದಿಲ್ಲ, ದಯವಿಟ್ಟು ಹೊಸದಾಗಿ ಬರೆದು ಅಂಟಿಸಿ ನೇರವಾಗಿ ಕಳಿಸಿ ಎಂದು ವರ್ಡೆಲ್‌ಳ ಕಾಲೇಜಿನ ಪ್ರೊಫೆಸರು ಹಿಂತಿರುಗಿಸಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ, ಅಂದರೆ ನವೆಂಬರ್ ಕೊನೆಯೊಳಗೆ, ತಲುಪದಿದ್ದರೆ ಈ ವರ್ಷದ ಅರ್ಜಿ ಅಲ್ಲಿಗೇ ಮುಗಿಯಿತು.

"ಯಾರು ನನ್ನ ಪತ್ರ ತಿದ್ದಿದ್ದು?"

"ಚರ್ಚು" ಎಂದೆ.

"ನಾನು ಬರೆದುಕೊಟ್ಟ ಔಷಧಿ ಚೀಟೀನ ಇವತ್ತಿನವರೆಗೆ ಯಾವ ಚರ್ಚೂ ತಿದ್ದಿಲ್ಲ!"

ಒಳಗಿನಿಂದ ಅಮ್ಮ ಬಂದಳು, ಕೈಗೆಲ್ಲ ಹಿಟ್ಟು. "ಮಗೂನ ಬೈದು ಬರೆದ್ರೆ ತಿದ್ದದೆ ಇನ್ನೇನು ಮಾಡ್ಲಿ?"

"ಸಿಸ್ಟರ್ ಒಜೆಲಾ, ಬರೆದ್ರೆ ನಾನು ಹಾಗೇ ಬರೆಯೋದು. ಒಂದಕ್ಷರ ಬದಲಾಗಲ್ಲ. ಆದ್ರೆ ನಿಮ್ಮ ಬೆನ್ನ ಹಿಂದೆ ಬರೆದು ಮುಂದಿನ ಭಾನುವಾರ ನಿಮ್ಮ ಮುಖ ನೋಡೋಕೆ ನನಗಾಗಲ್ಲ. ನೀವೇ ಬಂದು 'ಬರೀರಿ' ಅಂದ ದಿನ ಬರೀತೀನಿ."

"ನಾನು ಬರೋದಿಲ್ಲ."

"ನಾನೂ ಬರೆಯೋದಿಲ್ಲ."

ಇಬ್ಬರ ವಯಸ್ಸು ಕೂಡಿಸಿದರೆ ನೂರಾ ಮೂವತ್ತು ದಾಟುತ್ತಿತ್ತು. ಮೊಂಡು ಯಾರದೆಂದು ಅಂಗಡಿಯಲ್ಲಿದ್ದವರು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ವಾರದ ಕೊನೆಗೆ ವರ್ಡೆಲ್ ಬಂದಳು. ಪ್ರೊಫೆಸರು ಅವಳನ್ನು ಕರೆದು "ನೀನು ಪತ್ರ ನೋಡಿದೆಯಾ?" ಎಂದು ಕೇಳಿದರಂತೆ. "ಇಲ್ಲ ಸರ್, ನಮ್ಮೂರಲ್ಲಿ ಅದನ್ನ ಕೇಳದೇ ಇರೋಳು ನಾನೊಬ್ಬಳೇ" ಎಂದಳಂತೆ. ಅವರು ನಗುತ್ತಾ ಕಣ್ಣೊರೆಸಿಕೊಂಡರೂ ಗಡುವು ಗಡುವೇ.

"ಬೇರೆ ಡಾಕ್ಟರನ್ನ ಕೇಳು ಮಗಾ" ಎಂದ ಹೋಸಿಯಾ. "ಕೌಂಟಿ ಆಸ್ಪತ್ರೇಲಿ ಯಾರಾದ್ರೂ ಎರಡು ಸಾಲು ಗೀಚಿ ಕೊಡ್ತಾರೆ."

"ನನ್ನನ್ನ ಬಲ್ಲೋರು ಇವರು. ಇವರನ್ನ ಕೇಳಿದ್ದೀನಿ. ಇನ್ನೊಬ್ಬರನ್ನ ಕೇಳಲ್ಲ."

"ವರ್ಷ ಹಾಳಾಗುತ್ತೆ."

"ಆಗ್ಲಿ."

ಹೋಸಿಯಾ ಬಾಯಿ ತೆರೆದು, ಮುಚ್ಚಿ, "ಮೊಂಬತ್ತಿ" ಎಂದು ಗೊಣಗಿ ಹಿತ್ತಲಿಗೆ ಹೋದ. ಅಮ್ಮ ಒಲೆಯ ಕಡೆ ಮುಖ ಮಾಡಿ ಊಟದ ಮೆತ್ತನೆ ಬಿಸ್ಕೆಟ್ಟಿನ ಹಿಟ್ಟು ನಾದುತ್ತಲೇ ಇದ್ದಳು. ಹೆಚ್ಚು ನಾದಿದರೆ ಬಿಸ್ಕೆಟ್ಟು ಕಲ್ಲಾಗುತ್ತದೆಂದು ನಮಗೆಲ್ಲ ಕಲಿಸಿದವಳು ಅವಳೇ.

ಆಗ ಕ್ಲಿಯೋರಾ ಸೌಟು ಕೆಳಗಿಟ್ಟಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಅತ್ತೆ, ಈ ಮಗೂನ ನೀವು ಬೆಳೆಸಿದ್ರಿ ಮ್ಯಾಮ್. ನಾನು ದುಡಿಯೋಕೆ ಹೋದೆ, ನೀವು ಬೆಳೆಸಿದ್ರಿ. ಅವಳ ಊಟ, ಅವಳ ಜಡೆ, ಅವಳ ಪ್ರಾರ್ಥನೆ ಎಲ್ಲ ನಿಮ್ಮದೇ ಆಯ್ತು. ನಾನು ಒಂದು ದಿನಾನೂ ನನ್ನ ಮಗಳು ಅಂತ ಜಗಳ ಆಡಲಿಲ್ಲ. ಇವತ್ತು ಆಡ್ತೀನಿ. ನೀವು ಹೋಗಿ ಆ ಮನುಷ್ಯನಿಗೆ ಬರೀರಿ ಅಂತ ಹೇಳ್ಬೇಕು. ಅವಳು ಡಾಕ್ಟರ್ ಆಗದೆ ಹೋದ್ರೆ, ಅವರು ಬೇಡ ಅಂದು ಆಗದೆ ಹೋಗ್ಲಿ. ನಾವೇ ತಡೆದ್ವಿ ಅಂತ ಆಗಬಾರದು. ಅಷ್ಟೇ ಮ್ಯಾಮ್."

ಸೌಟು ಎತ್ತಿಕೊಂಡು ಮತ್ತೆ ಸಾರು ತಿರುವತೊಡಗಿದಳು. ಅಮ್ಮ ಹಿಟ್ಟಿನ ಮುದ್ದೆಯನ್ನು ಹಾಗೆಯೇ ಬಿಟ್ಟು ಕೈ ತೊಳೆದುಕೊಂಡಳು.

"ಲೂಬರ್ತಾ, ಕಾರಿನ ಕೀಲಿ ತಗೋ" ಎಂದಳು.

ದವಾಖಾನೆಯಲ್ಲಿ ಅಮ್ಮ ಕುರ್ಚಿಯ ತುದಿಯಲ್ಲಿ ಕೂತಳು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವಳೇ ಶುರುಮಾಡಿದಳು.

"ಅದು ಮನೆ ಮಾತು ಡಾಕ್ಟ್ರೇ. ನಾನು ಆ ಮಾತು ಅಂದ್ರೆ ಅದರ ಹಿಂದೆ ಒಂದು ತಟ್ಟೆ ಊಟ ಇರುತ್ತೆ. ಆ ಬಿಳಿಯರು ಓದಿದ್ರೆ ಅದರ ಹಿಂದೆ ಏನಿರುತ್ತೆ? ಅವರ ಅಡುಗೆಮನೆಗಳಲ್ಲಿ ನಾನು ಮೂವತ್ತು ವರ್ಷ ಪಾತ್ರೆ ತೊಳೆದಿದ್ದೀನಿ. ಮೊಂಡು ಅನ್ನಿಸಿಕೊಂಡವಳಿಗೆ ಮಾರನೇ ದಿನ ಕೆಲಸ ಇರ್ತಿರಲಿಲ್ಲ. ನಿಮಗೆ ಗೊತ್ತಿಲ್ವಾ?"

"ಗೊತ್ತು ಸಿಸ್ಟರ್."

"ಗೊತ್ತಿದ್ದೂ ಬರೆದ್ರಿ."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಾನು ಓದೋ ಕಾಲಕ್ಕೆ ಈ ರಾಜ್ಯದಲ್ಲಿ ನಮಗೆ ಬಾಗಿಲೇ ತೆಗೀತಿರಲಿಲ್ಲ. ದೂರ ಹೋಗಿ ಓದಿದೆ. ನನ್ನ ಜೊತೆ ಸೇರಿದ ಹುಡುಗರಲ್ಲಿ ಎಷ್ಟೋ ಜನ ನಡುವೆ ಬಿಟ್ಟು ಮನೆಗೆ ಹೋದ್ರು. ನನಗಿಂತ ಬುದ್ಧಿವಂತರು ಅವರು. ಒಳ್ಳೆಯವರು, ಮೃದು. ಯಾರೋ ಒಂದು ಮಾತು ಅಂದ್ರು, ಎದ್ದು ಹೋದ್ರು. ಈ ಬೇಸಿಗೇಲಿ ನಿಮ್ಮ ವರ್ಡೆಲ್ ಒಬ್ಬ ರೋಗಿ ವಿಷಯಕ್ಕೆ ನನ್ನ ಜೊತೆ ಮೂರು ದಿನ ಜಗಳ ಆಡಿದಳು. ಎರಡು ದಿನ ಅವಳದು ತಪ್ಪು. ಮೂರನೇ ದಿನ ಅವಳದೇ ಸರಿ. ವಿನಯವಂತೆ, ಕಷ್ಟಪಡ್ತಾಳೆ ಅಂತ ಎಲ್ಲರ ಪತ್ರದಲ್ಲೂ ಇರುತ್ತೆ. ಇವಳು ಎದ್ದು ಹೋಗಲ್ಲ ಅನ್ನೋದನ್ನ ಆ ಜನಕ್ಕೆ ನಾನು ಬೇರೆ ಯಾವ ಮಾತಲ್ಲಿ ಹೇಳಲಿ? ನೀವು ಟಾಲಿವರ್‌ಗೆ ಪೂರ್ತಿ ಓದೋಕೆ ಬಿಟ್ಟಿದ್ರೆ ಅದೂ ಅಲ್ಲೇ ಇತ್ತು."

ಅಮ್ಮ ಕೈಚೀಲದ ಕೊಂಡಿ ತೆಗೆದು ಹಾಕುತ್ತಾ ಕೂತಿದ್ದಳು. ಅವಳು ಅಷ್ಟು ಕುಗ್ಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಅಳು ಬಂತು.

"ಹಾಗಾದ್ರೆ ಬರೀರಿ" ಎಂದಳು ಕೊನೆಗೆ. "ಎಲ್ಲೋ ಮೂಲೇಲಿ ಸಣ್ಣಕ್ಷರದಲ್ಲಿ ಬೇಡ. ಕಾಣೋ ಹಾಗೆ ಬರೀರಿ."

ಅವನು ಅಲ್ಲಿಯೇ ಕೂತು ಬರೆದ. ನರ್ಸಮ್ಮ ಒದ್ದೆ ಹತ್ತಿ ತಂದು ಅಂಟಿಸಿದಳು. "ದಾರೀಲೇ ಅಲ್ವಾ ಪೋಸ್ಟಾಫೀಸು" ಎಂದು ಡಾಕ್ಟರ್ ನಗುತ್ತಾ ಲಕೋಟೆ ಚಾಚಿದ. ಅಮ್ಮ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ಬೇಡಪ್ಪ ಬೇಡ. ನನ್ನ ಕೈಗೆ ಕೊಡಬೇಡಿ."

ಚಳಿಗಾಲದಲ್ಲಿ ವರ್ಡೆಲ್‌ಗೆ ಸಂದರ್ಶನ ಆಯಿತು. ಮಾರ್ಚಿನಲ್ಲಿ ಸೀಟು ಸಿಕ್ಕಿತೆಂಬ ಕಾಗದ ಬಂತು. ಅದನ್ನು ಮೊದಲು ಬಿಚ್ಚಿದವಳು ಕ್ಲಿಯೋರಾ. ಒಲೆಯ ಮೇಲಿನ ಸೊಪ್ಪು ಸೀದುಹೋಯಿತು, ಸೀದ ಸೊಪ್ಪನ್ನೇ ಎಲ್ಲರೂ ನಗುತ್ತಾ ತಿಂದೆವು. ಹೋಸಿಯಾ ಕಾರ್ಖಾನೆಯಲ್ಲಿ ತನ್ನ ಪಾಳಿಯವರಿಗೆಲ್ಲ ಸಿಹಿಗೆಣಸಿನ ಪೈ ಹಂಚಿದ. ಈಗ ಅಂಥ ಅರ್ಜಿಗಳು, ಪತ್ರಗಳು ಎಲ್ಲ ಕಂಪ್ಯೂಟರಿನಲ್ಲೇ ಹೋಗಿ ಬರುತ್ತವಂತೆ, ಯಾರ ಕೈಗೂ ಸಿಗುವುದಿಲ್ಲವಂತೆ. ಒಳ್ಳೆಯದೇ. ಆದರೂ ಆ ಅಡುಗೆಮನೆ, ಆ ಸೀದ ವಾಸನೆ, ಐದೂ ಜನ ಒಂದೇ ಮೇಜಿಗೆ ಕೂತಿದ್ದ ಆ ವರ್ಷ ನನಗೆ ಇನ್ನೊಮ್ಮೆ ಬೇಕು ಅನ್ನಿಸುತ್ತದೆ.

ಆಗಸ್ಟಿನಲ್ಲಿ ಅವಳು ಹೊರಡುವ ಮುಂಚಿನ ಭಾನುವಾರ ಅವಳ ಚರ್ಚಿನ ಪತ್ರ ಓದುವುದಿತ್ತು. ಊರು ಬಿಡುತ್ತಿದ್ದಳಲ್ಲ. ಅವಳು ಡಾಕ್ಟರ್ ಓದು ಮುಗಿಸುವವರೆಗೆ ಅಮ್ಮ ಬದುಕಿರಲಿಲ್ಲ, ಅದು ಬೇರೆ ಮಾತು. ಆ ದಿನ ಮಾತ್ರ ನೀಲಿ ಹ್ಯಾಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಡಾಕ್ಟರ್ ಪೆಟಿಫೋರ್ಡ್ ಕೂಡ ಬಂದಿದ್ದ. ವರ್ಡೆಲ್ ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು, ಈ ಸಲ ಕೇಳಬಾರದ್ದೇನೂ ಇರಲಿಲ್ಲ.

ಡೀಕನ್ ಟಾಲಿವರ್ ಓದಿ ಮುಗಿಸಿದ. ಈ ಸಹೋದರಿ ನಮ್ಮಲ್ಲಿ ಒಳ್ಳೆಯ ಹೆಸರಿನಿಂದ ಇದ್ದಳು, ಇವಳನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇವೆ. ಪಾಸ್ಟರ್ "ಯಾರು ಸೂಚಿಸ್ತೀರಿ?" ಎಂದರು. ಅಮ್ಮ ಎದ್ದಳು.

"ಒಂದು ತಿದ್ದುಪಡಿ ಇದೆ ಪಾಸ್ಟರ್. ಒಳ್ಳೆ ಹೆಸರಿನವಳು ಅಂದ ಮೇಲೆ ಇನ್ನೊಂದು ಮಾತು ಸೇರಿಸಬೇಕು." ಅವಳ ದನಿ ಒಡೆಯಿತು, ಸರಿಮಾಡಿಕೊಂಡಳು. "ಇವಳು ಮೊಂಡುತಲೆಯವಳು ಅಂತ ಸೇರಿಸಬೇಕು. ಆ ಊರಿನ ಜನಕ್ಕೂ ಗೊತ್ತಿರಲಿ."

ವರ್ಡೆಲ್ ಬಾಯಿ ತೆರೆದುಕೊಂಡು ನನ್ನ ಕಡೆ ತಿರುಗಿದಳು. ಅದೇ ಮಾತು ಎಂಬಂತೆ ನಾನು ತಲೆಯಾಡಿಸಿದೆ. ಹೋಸಿಯಾ ಒಂದು ವರ್ಷದ ಉಸಿರನ್ನು ಒಟ್ಟಿಗೇ ಬಿಟ್ಟ.

"ಅನುಮೋದಿಸ್ತೀನಿ" ಎಂದು ಡಾಕ್ಟರ್ ಪೆಟಿಫೋರ್ಡ್ ಎದ್ದುನಿಂತು ಹೇಳಿದ.

"ಒಪ್ಪಿದವರು ಹೇಳಿ."

ಕಿಟಕಿಯ ಗಾಜು ಅದುರುವ ಹಾಗೆ ಇಡೀ ಚರ್ಚು "ಹೌದು" ಎಂದಿತು.

"ವಿರೋಧ ಇರೋರು?" ಪಾಸ್ಟರ್ ಪದ್ಧತಿಗೆಂದು ಕೇಳಿದರು.

ವರ್ಡೆಲ್ ತಟ್ಟನೆ ಎದ್ದಳು. "ಇಲ್ಲ! ನಾನು ಒಪ್ಪಲ್ಲ. ನಾನೇನೂ ಮೊಂಡಲ್ಲ!"

ಆ ಚರ್ಚಿನಲ್ಲಿ ಅಂಥ ನಗು ನಾನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಪಾಸ್ಟರ್ ಮೇಜು ಹಿಡಿದುಕೊಂಡರು. ಅತ್ತಿಗೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗು ಇಳಿದರೂ ವರ್ಡೆಲ್ ಮಾತ್ರ ನಿಂತೇ ಇದ್ದಳು. ಅಮ್ಮ ಮುಂದಿನ ಸಾಲಿನಿಂದ ನಿಧಾನವಾಗಿ ಹಿಂದಕ್ಕೆ ತಿರುಗಿ ಅವಳನ್ನು ಕಣ್ತುಂಬ ನೋಡಿದಳು.

"ಕೂತ್ಕೊಳಿ ಡಾಕ್ಟ್ರೇ" ಎಂದಳು ಮೊಮ್ಮಗಳಿಗೆ. "ಓಟು ಮುಗೀತು."